ನಾಪೋಕ್ಲಿನಲ್ಲಿ ಕೇಳಿಸಿದ ಹಿಮ್ಮೇಳ

ದೆವ್ವ, ಪೀಡೆ, ಸತ್ತವರ ಆತ್ಮ ಎಂದು ಯಾರಾದರೂ ಶುರುಮಾಡಿದರೆ ನಾನು ಅಲ್ಲಿಂದ ಎದ್ದುಬಿಡುತ್ತಿದ್ದೆ. ಊರೂರು ಅಲೆದು ಹಾಡಿ ಹೊಟ್ಟೆ ಹೊರೆದವನು ನಾನು. ಸುಡುಗಾಡಿನ ಪಕ್ಕದ ಮಂಟಪದಲ್ಲಿ ಮಲಗಿದ್ದೇನೆ, ಹಾಳುಬಿದ್ದ ಛತ್ರಗಳಲ್ಲಿ ಮಲಗಿದ್ದೇನೆ. ಸೊಳ್ಳೆಯ ಹೊರತು ಇನ್ನೇನೂ ನನ್ನನ್ನು ಕಾಡಲಿಲ್ಲ. ಈಗಲೂ ಅದನ್ನೆಲ್ಲ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ ಅದು. ನಮ್ಮ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದವರು. ಅಣ್ಣಂದಿರು ಗದ್ದೆಗೆ ಇಳಿದರು, ನಾನು ಏಕತಾರಿ ಹಿಡಿದೆ. ಸಂತೆಯಲ್ಲಿ, ಬಸ್ಸು ನಿಲ್ಲುವಲ್ಲಿ, ಎಸ್ಟೇಟಿನ ಕೂಲಿಯಾಳುಗಳ ಲೈನು ಮನೆಗಳ ಮುಂದೆ ನಾನೂ ನನ್ನ ಹೆಂಡತಿ ಪುಟ್ಟಮ್ಮನೂ ಹಾಡುತ್ತಿದ್ದೆವು. ನಾನು ಒಂದು ಸಾಲು ಹೇಳಿ ನಿಲ್ಲಿಸಬೇಕು, ಅವಳು ಅದನ್ನೇ ಹಿಮ್ಮೇಳದಲ್ಲಿ ಎತ್ತಿಕೊಳ್ಳಬೇಕು, ಅಷ್ಟರಲ್ಲಿ ನನಗೆ ಉಸಿರು ತೆಗೆದುಕೊಳ್ಳಲು ಬಿಡುವು. ಮದುವೆಯಾದಾಗಿನಿಂದ ಹೀಗೇ ಹಾಡಿಕೊಂಡು ಬಂದೆವು. ಒಂದು ಮಳೆಗಾಲದಲ್ಲಿ ಜ್ವರ ಬಂದು ಅವಳು ತೀರಿಕೊಂಡಳು.

ಆಮೇಲೆ ನನ್ನ ಹಾಡು ಕೆಟ್ಟಿತು. ಗಂಟಲೇನೋ ಸರಿಯಾಗಿಯೇ ಇತ್ತು. ಆದರೆ ಒಂದು ಸಾಲು ಮುಗಿದೊಡನೆ ಬಾಯಿ ತಾನಾಗಿ ನಿಂತುಬಿಡುತ್ತಿತ್ತು. ಎಷ್ಟು ಪ್ರಯತ್ನಪಟ್ಟರೂ ಆ ಅಭ್ಯಾಸ ಹೋಗಲಿಲ್ಲ. ಕೇಳುವವರು ಸ್ವಲ್ಪ ಕಾಯುತ್ತಿದ್ದರು, "ಮರ್ತೋಯ್ತೇನಯ್ಯ?" ಎಂದು ನಗುತ್ತಿದ್ದರು, ಎದ್ದು ಹೋಗುತ್ತಿದ್ದರು. ನನಗೆ ಅದರ ಬೇಸರವೂ ಅಷ್ಟಿರಲಿಲ್ಲ. ಇನ್ನೊಂದು ಸಲ, ಒಂದೇ ಒಂದು ಸಲ, ಅವಳ ದನಿ ಕಿವಿಗೆ ಬಿದ್ದರೆ ಸಾಕು ಅನ್ನಿಸುತ್ತಿತ್ತು. ಹುಚ್ಚು ಆಸೆ ಎಂದು ಗೊತ್ತಿತ್ತು.

ಆ ವರ್ಷ ಕೊಯ್ಲು ಮುಗಿದ ಮೇಲೆ ನಾಪೋಕ್ಲಿನಲ್ಲಿ ಹಳ್ಳಿ ಹಾಡುಗಾರರನ್ನೆಲ್ಲ ಸೇರಿಸಿ ಒಂದು ಉತ್ಸವ ಮಾಡಿದರು. ದುಡಿ ಬಡಿದು ಹಾಡುವ ಕೊಡವರು, ಸೋಬಾನೆ ಹೇಳುವ ಹೆಂಗಸರು, ಎಲ್ಲ ಬಂದಿದ್ದರು. ನನ್ನನ್ನು ಯಾರೂ ಕರೆದಿರಲಿಲ್ಲ. ಚಪ್ಪರದ ಹೊರಗೆ ರಸ್ತೆ ಬದಿಯಲ್ಲಿ ಟವಲು ಹಾಸಿ ಕೂತೆ. ಮಟಮಟ ಮಧ್ಯಾಹ್ನ, ಒಳ್ಳೆಯ ಬಿಸಿಲು. ಆ ಕಡೆಗೆ ನಾನಾಗಲಿ ಪುಟ್ಟಮ್ಮನಾಗಲಿ ಎಂದೂ ಕಾಲಿಟ್ಟವರಲ್ಲ, ಪರಿಚಯದ ಮುಖ ಒಂದೂ ಇರಲಿಲ್ಲ.

ಹಾಡಿದೆ. ಎಂದಿನಂತೆ ಸಾಲು ಮುಗಿದಲ್ಲೆಲ್ಲ ನಿಂತೆ. ಆದರೆ ಯಾರೂ ನಗಲಿಲ್ಲ. ಜನ ಸೇರುತ್ತಲೇ ಹೋದರು, ನಾನು ಸುಮ್ಮನಿದ್ದಾಗಲೂ ತಲೆ ತೂಗುತ್ತಿದ್ದರು. ಈ ಊರಿನವರು ತಾಳ್ಮೆಯ ಜನ ಎಂದುಕೊಂಡೆ.

ಹಾಡು ಮುಗಿದಾಗ ಉತ್ಸವ ನಡೆಸುತ್ತಿದ್ದ ಮೇಷ್ಟ್ರು ಹತ್ತಿರ ಬಂದರು. "ನಿಮ್ಮ ಜೊತೆ ಹಾಡಿದ ಆಯಮ್ಮ ಎಲ್ಲಿ? ಇಬ್ಬರೂ ಒಳಗೆ ಬನ್ನಿ, ವೇದಿಕೆ ಮೇಲೆ ಹಾಡಿ."

"ನಾನೊಬ್ಬನೇ ಸ್ವಾಮಿ," ಎಂದೆ.

ಮೇಷ್ಟ್ರು ತಮಾಷೆ ಎಂದು ನಕ್ಕರು. ಎದುರಿಗೆ ಸೋಬಾನೆ ಹಾಡಲು ಬಂದಿದ್ದ ಗೌಡರ ಮನೆಯ ಅಜ್ಜಿಯೊಬ್ಬಳು ಕೂತಿದ್ದಳು. "ಒಳ್ಳೆ ಕಂಠ ಮಗ ಅವಳದ್ದು," ಎಂದಳು. "ಆದ್ರೆ ಅಷ್ಟು ಅವಸರ ಎಂತಕ್ಕೆ? ನೀನು ಮುಗಿಸೋ ಮೊದ್ಲೇ ಎತ್ತಿಕೊಳ್ತಾಳೆ."

ನಾನು ಏಕತಾರಿ ಕೆಳಗಿಟ್ಟೆ. ನಾವಿಬ್ಬರೂ ದಿನಾ ಜಗಳವಾಡುತ್ತಿದ್ದದ್ದು ಅದೊಂದಕ್ಕೇ. ನನ್ನ ಕೊನೆಯ ಅಕ್ಷರ ಬಾಯಿಂದ ಹೊರಬೀಳುವ ಮೊದಲೇ ಅವಳು ಶುರುಮಾಡಿಬಿಡುತ್ತಿದ್ದಳು. "ಬಸ್ಸು ತಪ್ಪೋಗುತ್ತಾ ನಿಂಗೆ?" ಎಂದು ಬೈದರೆ ನಗುತ್ತಿದ್ದಳು. ನಾಪೋಕ್ಲಿನ ಆ ಅಜ್ಜಿಗೆ ಇದು ಹೇಗೆ ಗೊತ್ತಾಗಬೇಕು?

ಜೊತೆಗೆ ಹಾಡುತ್ತಿದ್ದ ಹೆಂಡತಿ ತೀರಿಕೊಂಡಿದ್ದಾಳೆ ಎಂದು ಹೇಳಿದೆ. ಮೇಷ್ಟ್ರ ನಗು ನಿಂತುಹೋಯಿತು. ನಾನು ಅಜ್ಜಿಯ ಕೈ ಹಿಡಿದುಕೊಂಡು, "ಇನ್ನೊಂದ್ಸಲ ಹಾಡ್ತೀನಿ ಅಜ್ಜಿ, ಎದ್ದು ಹೋಗ್ಬೇಡಿ," ಎಂದು ಬೇಡಿಕೊಂಡೆ. ಹಾಡಿದೆ. ಪ್ರತಿ ಸಾಲಿಗೂ ನಿಂತು ಮೈಯೆಲ್ಲ ಕಿವಿಯಾಗಿ ಕಾದೆ. ಚಪ್ಪರದೊಳಗಿನ ದುಡಿ ಕೇಳಿಸಿತು, ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಬೇರೇನೂ ಇಲ್ಲ. ಅಜ್ಜಿ ಮಾತ್ರ ಕಣ್ಣು ಮುಚ್ಚಿ, ನನ್ನ ಬಾಯಿ ನಿಂತ ಹೊತ್ತಿನಲ್ಲೂ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು.

"ಕೇಳಿಸ್ತಾ?" ಎಂದೆ.

"ಕೇಳಿಸ್ತು. ನಿಂಗೆ ಇಲ್ಲೆಯಾ?" ಎಂದಳು.

ಅಷ್ಟು ಜನರ ಮುಂದೆ ನಾನು ಅತ್ತುಬಿಟ್ಟೆ. ಕೇಳಿಸಿದ್ದನ್ನು ನೀವೇ ಒಂದು ಸಲ ಹೇಳಿ ತೋರಿಸಿ ಎಂದು ಅಜ್ಜಿಯನ್ನು ಕೇಳಿಕೊಂಡೆ. ಪಾಪ, ಅವಳು ಗಂಟಲು ಸರಿಮಾಡಿಕೊಂಡು ಒಂದು ಸಾಲು ಎತ್ತಿದಳು, ಅರ್ಧಕ್ಕೆ ನಿಲ್ಲಿಸಿದಳು. ಮತ್ತೆ ಎತ್ತಿದಳು. "ಇಲ್ಲೆ ಮಗ, ಹೀಗಲ್ಲ ಅದು. ನನ್ನ ಬಾಯಿಗೆ ಬರುದಿಲ್ಲೆ," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಗುಂಪಿನ ಹಿಂದೆ ಯಾರೋ ಹೆಂಗಸು ಹಾಡಿರಬೇಕು ಎಂದು ಆಮೇಲೆ ಕೆಲವರು ಹೇಳಿದರು. ಇರಬಹುದು. ಹಾಗಿದ್ದರೆ ಅದೂ ನನಗೆ ಕೇಳಿಸಬೇಕಿತ್ತಲ್ಲ. ಅಲ್ಲಿಂದೀಚೆಗೆ ಎಷ್ಟೋ ಕಡೆ ಹಾಡಿದ್ದೇನೆ, ಎಷ್ಟು ದನಿ ಕೇಳಿಸಿತು ಎಂದು ನಾಚಿಕೆ ಬಿಟ್ಟು ವಿಚಾರಿಸಿದ್ದೇನೆ. ಎಲ್ಲರೂ ಒಂದೇ ದನಿ ಎನ್ನುತ್ತಾರೆ. ಆ ದಿನ ಅಲ್ಲಿ ಕೂತಿದ್ದವರಿಗೆ ಪುಟ್ಟಮ್ಮ ಯಾರೂ ಅಲ್ಲ, ಅವರಿಗೆ ಕೇಳಿಸಿತು. ನಾನು ಅವಳ ಗಂಡ, ನನಗೆ ಕೇಳಿಸಲಿಲ್ಲ. ನೆನೆದಾಗಲೆಲ್ಲ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಿಲ್ಲ.