ಹೋಗಿದೆ ಎನ್ನದ ಉಗ್ರಪ್ಪ

ನಮ್ಮ ರಾಜಾಜಿನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಉಗ್ರಪ್ಪನವರ ಬಾಯಲ್ಲಿ ‘ಹೋಗಿದೆ’ ಎಂಬ ಮಾತನ್ನು ಎಂಬತ್ತೆಂಟನೇ ಇಸವಿಯ ತನಕ ಯಾರೂ ಕೇಳಿರಲಿಲ್ಲ. ಕಂಪ್ಯೂಟರಿನೊಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿಗೆ ಕರೆಂಟು ಕೊಡುವ ಎರಡು ಪ್ಲಗ್ಗುಗಳನ್ನು ಅದಲುಬದಲು ಚುಚ್ಚಿ ಅದನ್ನು ಸುಟ್ಟುಕೊಂಡವರೇ ಅವರ ಗಿರಾಕಿಗಳು. ಎರಡೂ ಪ್ಲಗ್ಗಿನ ಕಪ್ಪು ವೈರುಗಳು ನಡುವೆ ಅಕ್ಕಪಕ್ಕ ಬರಬೇಕೆಂಬುದು ಎಲ್ಲರಿಗೂ ಸುಟ್ಟ ಮೇಲೆಯೇ ಗೊತ್ತಾಗುತ್ತಿತ್ತು. ಉಗ್ರಪ್ಪ ಬೋರ್ಡನ್ನು ಬೆಳಕಿಗೆ ಹಿಡಿದು, ಮೂಸಿ, ಮೀಟರಿನ ಕಡ್ಡಿ ತಾಗಿಸಿ, ಒಂದೊಂದು ಚಿಪ್ಪನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಇದ್ದಿಲಿನಂತೆ ಕರಕಲಾಗಿದ್ದರೂ “ಇರ್ಲಿ ಬಿಡಿ ಸಾರ್, ಇನ್ನೊಂದ್ಸಲ ನೋಡೋಣ” ಎನ್ನುತ್ತಿದ್ದರು. ಜನ ಆ ಮಾತನ್ನೇ ನಂಬಿ ಮನೆಗೆ ಹೋಗುತ್ತಿದ್ದರು. ಸುಟ್ಟ ಬೋರ್ಡೊಂದನ್ನು ತಂದುಕೊಟ್ಟಿದ್ದ ಸುಂಕದಕಟ್ಟೆಯ ಅಂಜಮ್ಮನೂ ಹಲವು ಸಲ ಹಾಗೆಯೇ ಹೋದರು. ಒಂದು ದಿನ ಬಂದವರು ಬೆಂಚಿನ ಮೇಲೆ ಕೂರದೆ ನಿಂತೇ ಹೇಳಿದರು: “ಪ್ಲಗ್ ಹಾಕಿದ್ದು ನನ್ ಮಗಳು ಅಣ್ಣ. ಟೈಪಿಂಗ್ ಕೆಲಸ ಹಿಡಿದು ಮನೆ ನಡೆಸ್ತೀನಿ ಅಂತಿದ್ದೋಳು. ನೀವು ನೋಡೋಣ ಅಂದಾಗೆಲ್ಲ ಬಾಗ್ಲಲ್ಲೇ ಕಾಯ್ತಾ ಕೂರ್ತಾಳೆ, ಊಟ ಸೇರಲ್ಲ. ಹೋಗಿದ್ರೆ ಹೋಗಿದೆ ಅಂದ್ಬಿಡಿ. ಒಂದ್ಸಲ ಅತ್ತು ಎದ್ದೇಳ್ಲಿ.” ಉಗ್ರಪ್ಪ ಮೀಟರನ್ನು ಆರಿಸಿದರು. “ಹೋಗಿದೆ ಕಣಮ್ಮ” ಎಂದರು. “ನೀವು ತಂದ ದಿನಾನೇ ಹೋಗಿತ್ತು.” ಅಂಜಮ್ಮ ಬೋರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್‌ಸ್ಟಾಪಿನ ಕಡೆ ನಡೆದರು. ಉಗ್ರಪ್ಪ ಹಿಂದಿದ್ದ ಕಪಾಟು ತೆರೆದರು. ಅದರ ತುಂಬ ‘ನೋಡೋಣ’ ಎಂದು ಇಟ್ಟುಕೊಂಡಿದ್ದ ಬೇರೆಯವರ ಸುಟ್ಟ ಬೋರ್ಡುಗಳು, ಒಂದೊಂದಕ್ಕೂ ಒಂದೊಂದು ಹೆಸರಿನ ಚೀಟಿ. ಮೊದಲು ಯಾರ ಮನೆಗೆ ಹೋಗಿ ಹೇಳುವುದೆಂದು ತೋಚದೆ ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.