ಹಗ್ಗ ಎಳೆಯುವ ಸರದಿ

ಷರತ್ತು ಹಾಕಿದವನು ನಾನೇ. ಟ್ರಾಮಿನಲ್ಲಿ ಒಂದೇ ಒಂದು ಇಂಗ್ಲಿಷ್ ಮಾತು ಬಂದರೂ, ಇಳಿಯುವ ಸ್ಟಾಪ್ ಬಂದಾಗ ಬೆಲ್ಲಿನ ಹಗ್ಗ ಎಳೆಯುವ ಸರದಿ ಹೋಯಿತು. ನಾಲ್ಕೂವರೆ ವರ್ಷದ ಮಗಳಿಗೆ ವಾರದಿಂದ ಆ ಹಗ್ಗದ್ದೇ ಧ್ಯಾನ. ಡೇಕೇರಿನ ಗೆಳತಿಯೊಬ್ಬಳು ಎಳೆದು ಬಂದಿದ್ದಳಂತೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಅಂದು ಕೆರಳಿಸಿದವನು ಧಾರವಾಡದಿಂದ ಬಂದಿದ್ದ ಅಣ್ಣ. ಕ್ಯುಪರ್ಟಿನೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಅವಲಕ್ಕಿ ತಿನ್ನುತ್ತ, "ಏನೋ ತಮ್ಮಾ, ಕೂಸಿಗೆ ಕನ್ನಡ ಬರಂಗೇ ಇಲ್ಲಲ್ಲೋ" ಎಂದಿದ್ದ. ಇವತ್ತು ತೋರಿಸಿಯೇ ಬಿಡುತ್ತೇನೆ ಎಂದು ಎಲ್ಲರನ್ನೂ ಕಾರಿಗೆ ಹತ್ತಿಸಿದೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಮಗೆ ಸಿಕ್ಕಿದ್ದು ಕಿತ್ತಳೆ ಬಣ್ಣದ ಹಳೆಯ ಟ್ರಾಮು, ಮರದ ಬೆಂಚಿನದು. ಭಾನುವಾರದ ಗದ್ದಲ. ಹೆಂಡತಿಗೆ ಹಿಂದೆಲ್ಲೋ ನಿಲ್ಲಲು ಜಾಗ ಸಿಕ್ಕಿತು. ಮಗಳು ನನ್ನ ಪಕ್ಕ, ಅಣ್ಣ ಎದುರು.

ಸ್ವಲ್ಪ ದೂರ ಹೋದ ಮೇಲೆ ಮಗಳು ನನ್ನ ತೋಳು ಹಿಡಿದಳು. "ಅಪ್ಪಾ, ಒಂದು."

"ಒಂದು ಏನು?"

"ಒಂದು ಬೇಕು."

ನನಗೆ ನಗು ಬಂತು. "ಒಂದ್ಯಾಕ, ಎರಡು ಸಲ ಎಳಿ. ಆದ್ರ ಪೂರ್ತಿ ಹೇಳು. ಹಗ್ಗ ಎಳೀಬೇಕು ಅಂತ ಹೇಳು."

ಅವಳು ತಲೆಯಾಡಿಸಿದಳು. ಕಾಲಿಗೆ ಕಾಲು ಹೆಣೆದು ಕೂತಿದ್ದಳು. ಅದು ನನಗೆ ಕಾಣಿಸಿತ್ತು, ಕಾಣಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಟ ಮಾಡುತ್ತಿದ್ದಾಳೆ ಎಂದುಕೊಂಡೆ. "ಐ ನೀ..." ಎಂದು ಬಾಯಿ ತೆರೆದಳು. ನಾನು ಬೆರಳೆತ್ತಿದೆ. "ಇಂಗ್ಲಿಷ್ ಬಂತು ನೋಡು. ಸರದಿ ಹೋತು!" ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ನೋಡಣ್ಣಾ, ಹಿಂಗ ಕಲಿಸಬೇಕು" ಎಂದೆ. ನನ್ನ ದನಿಯಲ್ಲಿ ಹೆಮ್ಮೆಯಿತ್ತು.

ಬೆಂಚಿನಿಂದ ನೀರು ಇಳಿದು ನನ್ನ ಬೂಟಿನ ಹತ್ತಿರ ಬಂತು.

ಎದುರಿದ್ದ ಹೆಂಗಸೊಬ್ಬಳು ಕಾಲು ಮೇಲೆತ್ತಿಕೊಂಡಳು. "ವಾಟ್ ಈಸ್ ರಾಂಗ್ ವಿತ್ ಯೂ?" ಎಂದು ನಾನು ಮಗಳ ಮೇಲೆ ಕೂಗಾಡಿದೆ. ತಪ್ಪು ನನ್ನದಲ್ಲ, ಮಗುವಿನದು ಎಂದು ಆ ಹೆಂಗಸಿಗೆ ತಿಳಿಯಲಿ ಎಂದೇ ಇಂಗ್ಲಿಷಿನಲ್ಲಿ ಬೈದೆ. ಮಗಳು ಬಾಯಿಂದ ಕೈ ತೆಗೆಯದೆಯೇ ಅಳುತ್ತಿದ್ದಳು.

ಅಣ್ಣ ತನ್ನ ಶಾಲಿನಲ್ಲಿ ಅವಳನ್ನು ಸುತ್ತಿ ಎತ್ತಿಕೊಂಡ. "ಒಂದಕ್ಕ ಹೋಗಬೇಕು ಅಂತಿತ್ತಲ್ಲೋ ಕೂಸು. ಹೋದ ವರ್ಷ ಅವ್ವ ಬಂದಾಗ ಕಲಿಸಿದ ಮಾತದು. ನನಗೂ ಈಗ ಹೊಳೀತು. ಕನ್ನಡದಾಗೇ ಹೇಳಿತ್ತು, ತಿಳೀಲಾರದಾಂವ ನೀನು."

ಇಳಿಯಬೇಕಿತ್ತು. ಹಗ್ಗ ಎಳೆದವನು ನಾನು. ಅಣ್ಣನ ಹೆಗಲ ಮೇಲಿಂದ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

ಈಗ ಅವಳಿಗೆ ಏಳು ವರ್ಷ. ಪ್ರತಿ ಭಾನುವಾರ ದೊಡ್ಡಪ್ಪನಿಗೆ ಫೋನು ಮಾಡುತ್ತಾಳೆ. "ಏನ್ ಮಾಡ್ಲಿಕ್ಕತ್ತೀರಿ ದೊಡ್ಡಪ್ಪಾ? ಊಟ ಆತೇನು?" ಎಂದು ಥೇಟ್ ಧಾರವಾಡದವಳ ಹಾಗೆ ಹರಟುತ್ತಾಳೆ. ನಾನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತೇನೆ. ನನ್ನೊಡನೆ ಅಂದಿನಿಂದ ಒಂದು ಕನ್ನಡ ಮಾತೂ ಆಡಿಲ್ಲ. ಅಪ್ಪಾ ಎನ್ನುವುದನ್ನೂ ಬಿಟ್ಟಿದ್ದಾಳೆ. ಮಾಡಿದ್ದುಣ್ಣೋ ಮಹರಾಯ. ಅವಳ ಹರಟೆ ಮುಗಿದ ಮೇಲೆ ಫೋನು ನನ್ನ ಕಡೆ ಚಾಚುತ್ತಾಳೆ.

"ಡ್ಯಾಡ್, ಯುವರ್ ಟರ್ನ್."