ನೀಲಿ ಹೋದ ನೀರು

ನಾನು ಬಳ್ಳಾರಿಯ ಒಂದು ಜೀನ್ಸ್ ವಾಷಿಂಗ್ ಘಟಕದಲ್ಲಿ ಕೆಮಿಕಲ್ ನೋಡಿಕೊಳ್ಳುತ್ತಿದ್ದೆ. ಪ್ಯಾಂಟು ತೊಳೆದ ನೀರು ಹಿಂದಿನ ಗೋಡೆಯ ತೂತಿನಿಂದ ಕಡುನೀಲಿಯಾಗಿ ಮೋರಿಗೆ ಬೀಳುತ್ತಿತ್ತು. ಸುತ್ತಲಿನವರು ಬೈದು ಬೈದು, ಕೊನೆಗೆ ಮಾಲೀಕರು ಸೀಗಡಿ ಚಿಪ್ಪಿನಿಂದ ಮಾಡಿದ ಕೈಟೋಸಾನ್ ಪುಡಿ ತರಿಸಿದರು.

ಬರೀ ನೀರಿನಲ್ಲಿ ಅದು ಕರಗುವುದಿಲ್ಲ. ವಿನೆಗರಿನಂಥ ಹುಳಿಯಲ್ಲಿ ಕಲಸಿದರೆ ಗಂಜಿಯ ಹಾಗೆ ಲೋಳೆಯಾಗುತ್ತದೆ. ಆ ಲೋಳೆಯನ್ನು ತೊಟ್ಟಿಗೆ ಸುರಿದು ತಿರುವಿದರೆ ಬಣ್ಣದ ಕಣಗಳನ್ನೆಲ್ಲ ಅಂಟಿಸಿಕೊಂಡು ತಳದಲ್ಲಿ ಕೂರುತ್ತದೆ. ಮೇಲೆ ನಿಂತ ತಿಳಿನೀರನ್ನು ಮೋರಿಗೆ ಬಿಡುವ ಮುನ್ನ ಮಾಲೀಕರು ಗಾಜಿನ ಲೋಟದಲ್ಲಿ ಹಿಡಿದು ಬಂದವರಿಗೆಲ್ಲ ತೋರಿಸುತ್ತಿದ್ದರು.

"ಬಣ್ಣ ಅಷ್ಟ ಹೋಗೈತ್ರಿ. ಉಪ್ಪು, ಬ್ಲೀಚು ಹಂಗ ಅದಾವು. ಅವನ್ನ ಈ ಪುಡಿ ಹಿಡಿಯಂಗಿಲ್ಲ" ಎಂದೆ.

"ಕಣ್ಣಿಗಿ ಕಾಣ್ತಾವೇನು?" ಎಂದರು. ಆ ಲೋಟವನ್ನು ಅವರ ಬಾಯಿಗೇ ಹಿಡಿಯಬೇಕೆನಿಸಿತು.

ಮೋರಿಯಾಚೆ ಎಮ್ಮೆ ಸಾಕಿದ್ದ ಒಬ್ಬ ಹೆಂಗಸಿದ್ದಳು. ನೀರು ನೀಲಿಯಿದ್ದಷ್ಟು ಕಾಲ ಎಮ್ಮೆಗಳು ಮೋರಿಯತ್ತ ಮೂತಿ ತಿರುಗಿಸಿದರೆ ಸಾಕು, ಬಡಿಗೆಯಿಂದ ಹೊಡೆದು ದೂರ ಅಟ್ಟುತ್ತಿದ್ದಳು. ಆ ಬೇಸಿಗೆಯಲ್ಲಿ ತಿಳಿನೀರು ಕಂಡು ಬಡಿಗೆ ಎತ್ತಲಿಲ್ಲ. ದಿನಾ ಅದನ್ನೇ ಕುಡಿದ ಎಮ್ಮೆಗಳು ಮೇವು ಬಿಟ್ಟವು, ಆಮೇಲೆ ಒಂದರ ಹಿಂದೊಂದು ಸತ್ತವು.

ಆಕೆ ಗೇಟಿಗೆ ಬಂದಾಗ, ಪರಿಹಾರ ಕೇಳುತ್ತಾಳೆಂದು ಮಾಲೀಕರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಕೆ ಕೇಳಿದ್ದು ಅದಲ್ಲ.

"ಆ ಪುಡಿ ಹಾಕಬ್ಯಾಡ್ರಿ" ಎಂದಳು ನನಗೆ. "ನೀರು ಮೊದಲಿನಂಗ ನೀಲಿನ ಬಿಡ್ರಿ. ವಿಷ ಅಂತ ನಮಗ ಗೊತ್ತರ ಆಗ್ತಿತ್ತು."